ಸಮ ಅಂತರದ ಗಿಟಾರು

ಅಳತೆ ಸಾಹೇಬರ ಮೇಲೆ ಮಾರ್ಕೆಟ್ಟಿನವರಿಗೆ ನೂರೆಂಟು ದೂರುಗಳಿದ್ದವು. ಆದರೆ ಅವರು ಸುಳ್ಳು ಹೇಳುತ್ತಾರೆ ಎಂದು ಅವರನ್ನು ಕಂಡರಾಗದವರೂ ಹೇಳುವಂತಿರಲಿಲ್ಲ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದ ಅವರ ಅಂಗಿ ಜೇಬಿನಿಂದ, ಪೆನ್ನಿನ ಪಕ್ಕದಲ್ಲಿ, ಒಂದು ಉಕ್ಕಿನ ಸ್ಕೇಲು ಸದಾ ಇಣುಕುತ್ತಿತ್ತು. ಅದನ್ನು ಕಂಡರೆ ಕಿರಾಣಿ ಅಂಗಡಿಯವನ ಕೈ ತಕ್ಕಡಿಯಿಂದ ತಾನಾಗಿ ಹಿಂದೆ ಸರಿಯುತ್ತಿತ್ತು, ಬಟ್ಟೆ ಅಂಗಡಿಯವನು ಎಳೆದು ಹಿಡಿದ ಬಟ್ಟೆಯನ್ನು ಸಡಿಲ ಬಿಡುತ್ತಿದ್ದ. ಕ್ಷೌರದ ಅಂಗಡಿಯಲ್ಲಿ ಒಮ್ಮೆ ಸಾಹೇಬರು ತಮ್ಮ ಎರಡು ಕೃತಾಗಳಿಗೂ ಸ್ಕೇಲಿಟ್ಟು ನೋಡಿ, ಎಡಗಡೆಯದು ಉದ್ದವಾಯಿತೆಂದು ತೆಗೆಸಿ, ಆಮೇಲೆ ಬಲಗಡೆಯದು ಉದ್ದವಾಯಿತೆಂದು ತೆಗೆಸಿ, ಕೊನೆಗೆ ಕೃತಾವೇ ಇಲ್ಲದೆ ಮನೆಗೆ ಬಂದಿದ್ದರು. ಆದರೂ ಎರಡು ಕಡೆ ಸಮ ಇದೆ ಎಂಬ ತೃಪ್ತಿ ಅವರ ಮುಖದಲ್ಲಿತ್ತು.

ಇಂಥವರ ಬಾಯಿಂದ ಒಂದು ಸುಳ್ಳು ಜಾರಿಬಿದ್ದದ್ದು ಷಡ್ಡಕರ ಮನೆಯ ಊಟದ ಮೇಜಿನ ಮುಂದೆ.

ಷಡ್ಡಕರೆಂದರೆ ಸಾಹೇಬರ ಹೆಂಡತಿಯ ಅಕ್ಕನ ಗಂಡ. ಟೈಲ್ಸ್ ವ್ಯಾಪಾರ ಮಾಡಿ ಚೆನ್ನಾಗಿ ಬೆಳೆದವರು. ಅವರ ಮನೆಗೆ ಊಟಕ್ಕೆ ಹೋದರೆ ಮೊದಲು ಹೊಸದಾಗಿ ಕೊಂಡ ಸಾಮಾನುಗಳ ದರ್ಶನ, ಆಮೇಲೆ ಊಟ. ಆ ದಿನ ದರ್ಶನಕ್ಕಿದ್ದದ್ದು ಮಗನಿಗೆಂದು ತಂದ ಎಲೆಕ್ಟ್ರಿಕ್ ಗಿಟಾರು. ಮಗನಿಗೆ ಅದನ್ನು ಯಾವ ಕಡೆಯಿಂದ ಹಿಡಿಯಬೇಕೆಂದೂ ಗೊತ್ತಿರಲಿಲ್ಲವಾದ್ದರಿಂದ ಗಾಜಿನ ಕಪಾಟಿನಲ್ಲಿಟ್ಟು ದೀಪ ಹಾಕಿದ್ದರು. ಸಾಹೇಬರ ಮಗಳು ಮಾತ್ರ ನಿಜವಾಗಿ ಗಿಟಾರು ನುಡಿಸುತ್ತಿದ್ದಳು. ಮಾರ್ಕೆಟ್ಟಿನ ವಾದ್ಯದಂಗಡಿಯ ಹಿಂದಿನ ಕೋಣೆಯಲ್ಲಿ, ಅಂಗಡಿಯವರದ್ದೇ ವಾದ್ಯದ ಮೇಲೆ ಕಲಿತು, ಆ ವರ್ಷ ಕಾಲೇಜಿನ ವಾರ್ಷಿಕೋತ್ಸವದ ತಂಡಕ್ಕೆ ಆಯ್ಕೆಯಾಗಿದ್ದಳು. ಸ್ವಂತ ಗಿಟಾರು ಬೇಕಿತ್ತು. ಅವಳು ಆ ಕಪಾಟಿನ ಮುಂದೆ ನಿಂತದ್ದನ್ನು ಷಡ್ಡಕರು ನೋಡಿದರು.

"ತಗೊಂಡು ಹೋಗಮ್ಮ, ನಮ್ಮದು ನಿಮ್ಮದು ಅಂತ ಏನಿದೆ," ಎಂದರು ಷಡ್ಡಕರು, ಊಟಕ್ಕೆ ಕೂತ ಮೇಲೆ. "ಆದ್ರೆ ಜೋಪಾನ. ನಿಮ್ಮನೇಲಿ ಇಂಥ ಸಾಮಾನು ಇಟ್ಟು ಅಭ್ಯಾಸ ಇಲ್ಲ ನೋಡು."

ಸಾಹೇಬರು ತುತ್ತು ನುಂಗಿದರು. "ಬೇಡಿ," ಎಂದರು. "ಅವಳಿಗೆ ನಾನೇ ಒಂದು ಮಾಡ್ತಾ ಇದೀನಿ."

ಮೇಜಿನ ಸುತ್ತ ಚಮಚಗಳು ನಿಂತವು. ಹೆಂಡತಿ ಗಂಡನ ಹಣೆ ಮುಟ್ಟಿ ನೋಡಲೋ ಬೇಡವೋ ಎಂಬಂತೆ ಕೈ ಎತ್ತಿ ಇಳಿಸಿದಳು. ಸಾಹೇಬರ ಮನೆಯಲ್ಲೇ ಇದ್ದ ಅತ್ತೆ, ಅಂದರೆ ಹೆಂಡತಿಯ ತಾಯಿ, ಯಾತರಲ್ಲಿ ಮಾಡ್ತೀರಿ ಎಂದು ಬಹಳ ಸಮಂಜಸವಾದ ಪ್ರಶ್ನೆ ಕೇಳಿದರು. ಸಾಹೇಬರು ಮರದಲ್ಲಿ ಎಂದರು. ಷಡ್ಡಕರು ನಕ್ಕರು. ಆ ನಗುವಿಗೆ ಹೆದರಿ ಸಾಹೇಬರು ಮಾತು ವಾಪಸು ತಗೊಳ್ಳುತ್ತಿದ್ದರೋ ಏನೋ, ಅಷ್ಟರಲ್ಲಿ ಮಗಳ ಕಡೆ ನೋಡಿಬಿಟ್ಟರು. ಅವಳ ಕಣ್ಣು ಅಗಲವಾಗಿತ್ತು. ಚಿಕ್ಕವಳಿದ್ದಾಗ ಅಪ್ಪ ಮುರಿದ ಸೈಕಲ್ಲು ರಿಪೇರಿ ಮಾಡಿದರೆ ಹೀಗೇ ನೋಡುತ್ತಿದ್ದಳು. ಕಾಲೇಜಿಗೆ ಸೇರಿದ ಮೇಲೆ ಅವಳು ಅಪ್ಪನನ್ನು ಆ ರೀತಿ ನೋಡಿಯೇ ಇರಲಿಲ್ಲ, ಮತ್ತು ಅದು ಇಲ್ಲದೆ ತಾವು ಎಷ್ಟು ಬಡವರಾಗಿದ್ದೆವೆಂದು ಸಾಹೇಬರಿಗೆ ಆಗಲೇ ತಿಳಿದದ್ದು. ಆ ನೋಟಕ್ಕಾಗಿ ಅವರು ಗಿಟಾರೇಕೆ, ರೈಲ್ವೆ ಇಂಜಿನ್ನು ಮಾಡುತ್ತೇನೆಂದೂ ಒಪ್ಪಿಕೊಳ್ಳುತ್ತಿದ್ದರು.

ಹೀಗೆ ಕೆಲಸ ಶುರುವಾಯಿತು. ಮರ ಬೇಕಿತ್ತು. ಮನೆಯಲ್ಲಿ ಒಳ್ಳೆಯ ಮರವೆಂದರೆ ಅತ್ತೆಯ ಬಟ್ಟೆ ಬೀರುವಿನ ಬಾಗಿಲು ಒಂದೇ. ಸಾಹೇಬರು ಅತ್ತೆ ಮಧ್ಯಾಹ್ನದ ನಿದ್ದೆಯಲ್ಲಿದ್ದಾಗ ಅದರ ಕೀಲು ಬಿಚ್ಚಿದರು. ಎದ್ದು ನೋಡಿದ ಅತ್ತೆ, ತಮ್ಮ ಸಂಸಾರವೆಲ್ಲ ಹೀಗೆ ಬೀದಿಗೆ ಬಂತಲ್ಲ ಎಂದು ಬೀರುವಿನ ಮುಂದೆ ಕುರ್ಚಿ ಹಾಕಿಕೊಂಡು ಕಾವಲು ಕೂತರು. ಮನೆಗೆ ಬಂದವರಿಗೆಲ್ಲ ಒಳಗಿನ ಒಂದೊಂದು ಬಟ್ಟೆಯನ್ನೂ ತೋರಿಸಿ, ನೋಡಿ, ನನ್ನ ಅಳಿಯ ನನಗೆ ಮುಚ್ಚಿಡೋಕೆ ಏನೂ ಬಿಟ್ಟಿಲ್ಲ ಎಂದು ಹೇಳುತ್ತಿದ್ದರು.

ಹಿಂದಿನ ಬಾಲ್ಕನಿಗೆ ಪರದೆ ಕಟ್ಟಿ ಅದೇ ಕಾರ್ಖಾನೆಯಾಯಿತು. ಮುಗಿಯುವ ತನಕ ಮಗಳು ಇಣುಕಬಾರದೆಂದು ಸಾಹೇಬರು ಕಟ್ಟಪ್ಪಣೆ ಮಾಡಿದರು. ಕಚೇರಿಯಿಂದ ಬಂದವರೇ ಪರದೆಯ ಹಿಂದೆ ಸೇರಿ ಗರಗಸ ಎಳೆಯುವರು, ಅರ ಹಾಕಿ ಉಜ್ಜುವರು. ಮರದ ಪುಡಿ ಹಾರಿ ಕೆಳಗಿನ ಮನೆಯವರ ಒಗೆದ ಬಟ್ಟೆಯ ಮೇಲೆ ಕೂತಿತು, ಮೇಲಿನ ಮನೆಯವರ ಚಹಾದ ಲೋಟಕ್ಕೂ ಹೇಗೋ ಏರಿತು. ಮೇಲಿನ ಮನೆಯವರು ನಿವೃತ್ತ ಸ್ಟೇಷನ್ ಮಾಸ್ತರು. ಜೀವನವಿಡೀ ಮೈಕಿನಲ್ಲಿ ರೈಲುಗಳ ಸುದ್ದಿ ಹೇಳಿದವರಾದ್ದರಿಂದ ಯಾವ ಸಂಗತಿಯನ್ನೂ ಒಬ್ಬರ ಕಿವಿಯಲ್ಲಿ ಹೇಳಿ ಅವರಿಗೆ ಗೊತ್ತಿರಲಿಲ್ಲ. ಸಾಹೇಬರ ಮನೆಯಲ್ಲಿ ಎಲೆಕ್ಟ್ರಿಕ್ ಗಿಟಾರು ತಯಾರಾಗುತ್ತಿದೆ, ಸದ್ಯಕ್ಕೆ ತಡವಾಗಿ ಚಲಿಸುತ್ತಿದೆ ಎಂದು ಅವರು ಇಡೀ ಬೀದಿಗೆ ದಿನವೂ ಪ್ರಕಟಣೆ ಕೊಡತೊಡಗಿದರು.

ಎಲೆಕ್ಟ್ರಿಕ್ ಗಿಟಾರಿನ ಹೊಟ್ಟೆಯಲ್ಲಿ ಆಯಸ್ಕಾಂತ ಇರುತ್ತದೆ. ತಂತಿಗಳ ನಡುಕವನ್ನು ಹಿಡಿದು ಸ್ಪೀಕರಿಗೆ ಕಳಿಸಲು ಆ ಆಯಸ್ಕಾಂತಕ್ಕೆ ಕೂದಲೆಳೆಯಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಬೇಕು. ಸಾಹೇಬರು ಅದನ್ನು ಹೆಂಡತಿಯ ಹೊಲಿಗೆ ಯಂತ್ರದ ಚಕ್ರಕ್ಕೆ ಸಿಕ್ಕಿಸಿದರು. ಹೆಂಡತಿ ತುಳಿಯುವುದು, ತಾವು ತಂತಿ ಹಿಡಿಯುವುದು, ಅತ್ತೆ ಗಟ್ಟಿಯಾಗಿ ಸುತ್ತು ಎಣಿಸುವುದು ಎಂದು ಕೆಲಸ ಹಂಚಿದರು. ಲೆಕ್ಕ ಸಾವಿರಗಳನ್ನು ದಾಟಿ ಎಲ್ಲರ ಉಸಿರು ಬಿಗಿಯಾಗಿದ್ದಾಗ ಸ್ಟೇಷನ್ ಮಾಸ್ತರು ಒಳಗೆ ಬಂದು, ಈಗ ಗಂಟೆ ಎಷ್ಟು ಎಂದು ಕೇಳಿದರು. ಅತ್ತೆ ಗಡಿಯಾರ ನೋಡಿ ಉತ್ತರ ಹೇಳಿದರು. ಆಮೇಲೆ ಎಣಿಕೆ ಎಲ್ಲಿಗೆ ಬಂದಿತ್ತೆಂದು ಯಾರಿಗೂ ನೆನಪಿರಲಿಲ್ಲ. ಅಂದಾಜಿಗೆ ಮುಂದುವರಿಸೋಣ ಎಂದಳು ಹೆಂಡತಿ. ಅಂದಾಜು ಎಂಬ ಶಬ್ದ ಆ ಮನೆಯಲ್ಲಿ ಬೈಗುಳಕ್ಕೆ ಸಮ. ಸಾಹೇಬರು ತಂತಿಯನ್ನೆಲ್ಲ ಬಿಚ್ಚಿ ಒಂದರಿಂದ ಶುರು ಮಾಡಿಸಿದರು, ಮತ್ತು ಹೆಂಡತಿ ಆ ವಾರವೆಲ್ಲ ಅವರೊಂದಿಗೆ ಮಾತು ಬಿಟ್ಟಳು.

ಉಳಿದದ್ದು ಕುತ್ತಿಗೆಯ ಕೆಲಸ. ಗಿಟಾರಿನ ಕುತ್ತಿಗೆಯ ಮೇಲೆ ಅಡ್ಡಡ್ಡವಾಗಿ ತೆಳ್ಳನೆಯ ಲೋಹದ ಪಟ್ಟಿಗಳನ್ನು ಕೂರಿಸುತ್ತಾರೆ. ಯಾವ ಪಟ್ಟಿಯ ಹಿಂದೆ ಬೆರಳು ಒತ್ತಿದರೆ ಆ ಪಟ್ಟಿಯ ಸ್ವರ. ಪಟ್ಟಿಗಳ ಅಳತೆ ತರಲು ಸಾಹೇಬರು ವಾದ್ಯದಂಗಡಿಗೆ ಹೋದರು. ಅಂಗಡಿಯವರು ದಪ್ಪನೆಯ, ಸದಾ ನಗುವ, ವಾಚಾಳಿ ಮನುಷ್ಯ. ಮಗಳಿಗೆ ಪಾಠ ಹೇಳುವ ಮೇಷ್ಟ್ರೂ ಅವರೇ. ಗೋಡೆಯಿಂದ ಒಂದು ಗಿಟಾರು ತೆಗೆದುಕೊಟ್ಟರು. ಸಾಹೇಬರು ಜೇಬಿನಿಂದ ಸ್ಕೇಲು ತೆಗೆದು ಮೊದಲ ಪಟ್ಟಿಯಿಂದ ಎರಡನೆಯದಕ್ಕೆ ಅಳೆದರು, ಎರಡನೆಯದರಿಂದ ಮೂರನೆಯದಕ್ಕೆ ಅಳೆದರು. ಅವರ ಹುಬ್ಬು ಗಂಟಾಯಿತು. ಕನ್ನಡಕ ಒರೆಸಿ ಮತ್ತೆ ಅಳೆದರು. ಅನುಮಾನವೇ ಇರಲಿಲ್ಲ. ಒಂದು ಸಂದಿಗಿಂತ ಮುಂದಿನ ಸಂದಿ ಕಿರಿದು, ಅದಕ್ಕಿಂತ ಅದರ ಮುಂದಿನದು ಇನ್ನೂ ಕಿರಿದು.

"ಇದೇನ್ರೀ, ಒಂದಕ್ಕೊಂದು ಸಮ ಇಲ್ಲ?" ಎಂದರು ಸಾಹೇಬರು.

"ಅದು ಹಾಗೇ ಬರುತ್ತೆ ಸಾರ್."

"ಎಲ್ಲದರಲ್ಲೂ ಹೀಗೇನಾ?"

"ಎಲ್ಲದರಲ್ಲೂ ಸಾರ್. ಮೊದಲಿಂದ್ಲೂ ಹೀಗೇ."

ತೂಕದ ಇಲಾಖೆಯವರ ಮುಂದೆ ಆಡಬಾರದ ಮಾತೆಂದರೆ ಇದೇ. ತಕ್ಕಡಿಯ ಕೆಳಗೆ ಹುಣಸೆಹಣ್ಣು ಅಂಟಿಸಿ ಸಿಕ್ಕಿಬಿದ್ದ ಪ್ರತಿಯೊಬ್ಬ ವ್ಯಾಪಾರಿಯೂ ಮೊದಲಿಂದ್ಲೂ ಹೀಗೇ ಎಂದೇ ಸಾಹೇಬರಿಗೆ ಹೇಳಿದ್ದ. ಕಾರಣ ಏನು ಎಂದು ಅವರು ಗದರಿಸಿ ಕೇಳಿದರು. ಪಾಪ, ಅಂಗಡಿಯವರಿಗೆ ನುಡಿಸಲು ಗೊತ್ತಿತ್ತೇ ಹೊರತು ಕಾರಣ ಗೊತ್ತಿರಲಿಲ್ಲ. ಯಾರೂ ಅವರನ್ನು ಅದುವರೆಗೆ ಕೇಳಿಯೂ ಇರಲಿಲ್ಲ. ತಬ್ಬಿಬ್ಬಾಗಿ, ಮೇಲಕ್ಕೆ ಹೋದ ಹಾಗೆ ಬೆರಳಿಗೆ ಜಾಗ ಕಡಿಮೆ ಸಾಕು ಎಂದು ಏನೋ ಒಂದು ಹೇಳಿದರು. ಜಾಗ ಕಡಿಮೆ ಎಂದು ತಪ್ಪೊಪ್ಪಿಕೊಂಡಂತೆಯೇ ಆಯಿತು. ಬೇಕಾದರೆ ಕೇಳಿ ನೋಡಿ ಎಂದು ನುಡಿಸಿಯೂ ತೋರಿಸಿದರು. ಆದರೆ ಸಾಹೇಬರ ಕಿವಿಗೆ ಗಿಟಾರೂ ಒಂದೇ, ಹಿಟ್ಟಿನ ಗಿರಣಿಯೂ ಒಂದೇ. ಅವರು ನಂಬಿದ್ದು ಕಣ್ಣಿನಿಂದ ಕಂಡ ಗೆರೆಯನ್ನು ಮಾತ್ರ.

ಸಂಜೆಯೊಳಗೆ ಇಲಾಖೆಯ ವ್ಯಾನು ಬಂದು ಅಂಗಡಿಯ ಗೋಡೆಯಲ್ಲಿದ್ದ ಗಿಟಾರುಗಳನ್ನೆಲ್ಲ ಇಳಿಸಿಕೊಂಡಿತು. ಒಂದೊಂದರ ಕುತ್ತಿಗೆಗೂ ದಾರ ಬಿಗಿದು ಅರಗಿನ ಮುದ್ರೆ ಒತ್ತಿದರು. ಮಾರ್ಕೆಟ್ಟಿನವರೆಲ್ಲ ಬಾಗಿಲಿಗೆ ಬಂದು ನಿಂತು ನೋಡಿದರು. ವಾದ್ಯದಂಗಡಿಯವರು ಅಷ್ಟು ಹೊತ್ತೂ ನಗುತ್ತಲೇ ಇದ್ದರು, ಯಾಕೆಂದರೆ ಅವರ ಮುಖಕ್ಕೆ ಬೇರೆ ಅಭ್ಯಾಸ ಇರಲಿಲ್ಲ. ಕೊನೆಯ ಗಿಟಾರು ಹೋದಮೇಲೆ ಗೋಡೆಯಲ್ಲಿ ಬರೀ ಮೊಳೆಗಳು ಉಳಿದದ್ದನ್ನು ನೋಡಿ ನಗು ನಿಲ್ಲಿಸಿದರು.

ಕಚೇರಿಯಲ್ಲಿ ಮೇಲಧಿಕಾರಿಗಳು ಸಾಹೇಬರ ಬೆನ್ನು ತಟ್ಟಿದರು. ಅವರ ಕಾಲದಲ್ಲಿ ಇಲಾಖೆಯ ಹೆಸರು ಪತ್ರಿಕೆಯಲ್ಲಿ ಬಂದದ್ದು ಒಮ್ಮೆ ಮಾತ್ರ, ಅದೂ ಕಚೇರಿಯ ಗೋಡೆ ಗಡಿಯಾರ ಹಿಂದೆ ಓಡುತ್ತಿದೆ ಎಂದು. ಈಗ ಸಂಗೀತ ಲೋಕದ ಮಹಾ ಮೋಸವನ್ನು ಬಯಲು ಮಾಡುವ ಅವಕಾಶ ತಾನಾಗಿ ಬಂದಿತ್ತು. ಇನ್ಸ್‌ಪೆಕ್ಟರು ಸಮ ಅಂತರದ ಗಿಟಾರು ಮಾಡುತ್ತಿದ್ದಾರೆ, ಮಗಳು ಅದನ್ನು ಕಾಲೇಜಿನಲ್ಲಿ ನುಡಿಸಲಿದ್ದಾಳೆ ಎಂದು ತಿಳಿದಾಗಂತೂ ಅವರಿಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಪ್ರಿನ್ಸಿಪಾಲರಿಗೆ ಫೋನು ಮಾಡಿ ತಮ್ಮನ್ನು ತಾವೇ ಮುಖ್ಯ ಅತಿಥಿಯಾಗಿ ಆಹ್ವಾನಿಸಿಕೊಂಡರು. ವೇದಿಕೆಯ ಒಂದು ಪಕ್ಕ ಮೋಸದ ಗಿಟಾರುಗಳು ಮುದ್ರೆಸಮೇತ, ಇನ್ನೊಂದು ಪಕ್ಕ ಇಲಾಖೆಯ ಗಿಟಾರು, ನಡುವೆ ತಾವು, ಎಂದು ಕೈಯಾಡಿಸಿ ತೋರಿಸಿದರು. ಮನೆಯ ಗಿಟಾರು ಇಲಾಖೆಯದು ಆದದ್ದು ಯಾವಾಗ ಎಂದು ಸಾಹೇಬರು ಕೇಳಲಿಲ್ಲ. ಅವರ ಎದೆಯೂ ಆಗ ಉಬ್ಬಿತ್ತು.

ಮಗಳು ಮರುದಿನ ಸಂಜೆ ಬಂದು, ಮೇಷ್ಟ್ರ ಅಂಗಡಿಯಲ್ಲಿ ಒಂದೂ ವಾದ್ಯವಿಲ್ಲ, ಪಾಠ ನಿಂತುಹೋಗಿದೆ, ಏನು ತಪ್ಪಾಯಿತೆಂದು ಮೇಷ್ಟ್ರಿಗೇ ಅರ್ಥವಾಗಿಲ್ಲ ಎಂದಳು. ಡಬ್ಬದ ಮೇಲೆ ಬೆಲೆಯ ಚೀಟಿ ಅಂಟಿಸದಿದ್ದುದಕ್ಕೆ ಇರಬೇಕು ಎನ್ನುತ್ತಿದ್ದರಂತೆ. ಸಾಹೇಬರು ಅದು ಇಲಾಖೆಯ ವಿಚಾರ, ನೀನು ತಲೆ ಹಾಕಬೇಡ, ನಿನ್ನ ಗಿಟಾರು ಬರುತ್ತಿದೆ ಎಂದರು. ಅವಳು ಊಟದ ಮೇಜಿನ ಅಂಚಿನ ಮೇಲೆ ಬೆರಳಾಡಿಸಿ ಅಭ್ಯಾಸ ಮಾಡಿದಳು. ಕಾಲೇಜಿನಲ್ಲಿ ಮಾತ್ರ ಎಲ್ಲರಿಗೂ ಹೇಳಿದ್ದಳು: ನನ್ನದು ಕೊಂಡದ್ದಲ್ಲ, ಅಪ್ಪ ಮಾಡಿದ್ದು.

ವಾರ್ಷಿಕೋತ್ಸವದ ದಿನ ಬೆಳಿಗ್ಗೆ ಅನಾವರಣ. ನಡುಮನೆಯಲ್ಲಿ ಹೆಂಡತಿ, ಅತ್ತೆ, ಕರೆಯದೆ ಬಂದ ಸ್ಟೇಷನ್ ಮಾಸ್ತರು. ಸಾಹೇಬರು ಮೇಲೆ ಹೊದಿಸಿದ್ದ ದುಪ್ಪಟಿ ಸರಿಸಿದರು. ಗಿಟಾರು ನಿಜಕ್ಕೂ ಚೆಂದವಿತ್ತು. ಬೀರುವಿನ ಬಾಗಿಲಿನ ಕಡುಗೆಂಪು ಮರ ಪಾಲಿಷ್ ಹಿಡಿದು ಹೊಳೆಯುತ್ತಿತ್ತು. ಕುತ್ತಿಗೆಯ ಪಟ್ಟಿಗಳು ಏಣಿಯ ಮೆಟ್ಟಿಲಿನ ಹಾಗೆ ಕಟ್ಟುನಿಟ್ಟಾಗಿ ಸಮ ಅಂತರದಲ್ಲಿ ನಿಂತಿದ್ದವು. ಇದು ನನ್ನ ಬಾಗಿಲು ಎಂದರು ಅತ್ತೆ, ಸ್ವಲ್ಪ ಹೆಮ್ಮೆಯಿಂದಲೇ.

ಮಗಳು ಅದನ್ನು ಹೆಗಲಿಗೆ ಹಾಕಿಕೊಂಡು, ತರಗತಿಯ ಗೆಳತಿಯಿಂದ ತಂದಿದ್ದ ಸ್ಪೀಕರಿಗೆ ಸಿಕ್ಕಿಸಿ, ಬರೀ ತಂತಿಗಳನ್ನು ಒಮ್ಮೆ ಮೀಟಿದಳು. ಕಿಟಕಿಯ ಗಾಜು ಜುಮ್ಮೆಂದಿತು. ಸ್ಟೇಷನ್ ಮಾಸ್ತರು ಎದ್ದು ನಿಂತರು. ಮಗಳು ಅಪ್ಪನ ಕಡೆ ನೋಡಿ ನಕ್ಕಳು. ಆಮೇಲೆ ಅವಳು ಎಡಗೈ ಬೆರಳನ್ನು ಮೊದಲ ಪಟ್ಟಿಯ ಹಿಂದೆ ಒತ್ತಿದಳು. ಎರಡನೆಯದರ ಹಿಂದೆ ಒತ್ತಿದಳು. ಸ್ವಲ್ಪ ಮೇಲೆ, ಇನ್ನೂ ಸ್ವಲ್ಪ ಮೇಲೆ ಒತ್ತಿದಳು. ಕೈ ನಿಂತಿತು. ಕುತ್ತಿಗೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಉದ್ದಕ್ಕೂ ನೋಡಿದಳು. ನಂತರ ತಲೆ ಎತ್ತಿ, ಕೈ ಕಟ್ಟಿ ನಿಂತಿದ್ದ ಅಪ್ಪನ ಮುಖ ನೋಡಿದಳು.

"ತುಂಬಾ ಚೆನ್ನಾಗಿದೆ ಅಪ್ಪಾ," ಎಂದಳು.

ಸಾಹೇಬರಿಗೆ ಸ್ವರ ತಿಳಿಯದಿದ್ದರೂ ಮುಖ ತಿಳಿಯುತ್ತಿತ್ತು. ಮಾರ್ಕೆಟ್ಟಿನಲ್ಲಿ ದಿನಾ ನೋಡುವ ಮುಖವೇ ಅದು. ತೂಕ ಕಡಿಮೆ ಬಂದಿದೆಯೆಂದು ಗೊತ್ತು, ಅಂಗಡಿಯವನು ಬೇಕಾದವನು, ಹೇಳಿದರೆ ನೊಂದುಕೊಳ್ಳುತ್ತಾನೆಂದು ಸುಮ್ಮನೆ ಚೀಲ ಎತ್ತಿಕೊಳ್ಳುವ ಗಿರಾಕಿಯ ಮುಖ. ಅಂಥ ಗಿರಾಕಿಗಳಿಗೆ ಸಾಹೇಬರು ಎಷ್ಟೋ ಸಲ ಧೈರ್ಯ ಹೇಳಿದ್ದರು. ಇಂದು ತಕ್ಕಡಿಯ ಹಿಂದೆ ಕೂತವರು ತಾವೇ ಆಗಿದ್ದರು.

ಮಗಳು ಬಟ್ಟೆ ಬದಲಿಸಲು ಹೋದಾಗ ಹೆಂಡತಿ ಹತ್ತಿರ ಬಂದಳು. "ನನಗೆ ಸಂಗೀತ ಬರಲ್ಲ ರೀ," ಎಂದಳು ಮೆಲ್ಲಗೆ. "ಆದ್ರೂ ಗೊತ್ತಾಗುತ್ತೆ. ಅದು ಅಳ್ತಾ ಇದೆ. ಅವಳು ಅಂಗಡೀಲಿ ನುಡಿಸಿದಾಗ ಅಲ್ಲಿಂದು ಹಾಗೆ ಅಳ್ತಿರ್ಲಿಲ್ಲ."

ಸಾಹೇಬರು ಬಚ್ಚಲಿಗೆ ಹೋಗಿ ಕನ್ನಡಿ ಮುಂದೆ ನಿಂತರು. ಬೆರಳು ಮೇಲಕ್ಕೆ ಹೋದ ಹಾಗೆ ಉಳಿಯುವ ತಂತಿ ಗಿಡ್ಡವಾಗುತ್ತದೆ. ಗಿಡ್ಡ ತಂತಿಗೆ ಗಿಡ್ಡ ಹೆಜ್ಜೆಯೇ ಆಗಬೇಕು. ಪ್ರತಿ ಪಟ್ಟಿಯೂ ಉಳಿದದ್ದರಲ್ಲಿ ತನ್ನ ಪಾಲು ತೆಗೆದುಕೊಳ್ಳುತ್ತದೆ, ಅಷ್ಟೆ. ಅಂಗಡಿಯಲ್ಲಿ ಸ್ಕೇಲು ಜೇಬಿಗಿಟ್ಟು ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ಯೋಚಿಸಿದ್ದರೆ ಹೊಳೆಯುತ್ತಿತ್ತು. ಅಳತೆಯೇ ಹೊಟ್ಟೆಪಾಡಾದ ಮನುಷ್ಯನಿಗೆ ಅಳತೆಯೇ ಅರ್ಥವಾಗಲಿಲ್ಲ. ಗಡ್ಡಕ್ಕೆ ಸೋಪು ಹಚ್ಚಿಕೊಂಡವರು ಬೋಳಿಸಲು ಮರೆತು ಹಾಗೇ ಹೊರಗೆ ಬಂದರು.

ಇಷ್ಟು ತಿಳಿದ ಮೇಲೆ ಮರ್ಯಾದಸ್ಥನಾದವನು ಏನು ಮಾಡಬೇಕು? ಹೋಗಿ ತಪ್ಪು ಒಪ್ಪಿಕೊಳ್ಳಬೇಕು. ಸಾಹೇಬರು ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಮಾಡಿದರು. ಮೇಲಧಿಕಾರಿಗಳಿಗೆ ಫೋನು ಮಾಡಿ ತಮಗೆ ಜ್ವರ ಎಂದರು. ಅವರು ನೀವು ನುಡಿಸುತ್ತಿಲ್ಲವಲ್ಲ, ಮಗಳಿಗೆ ಜ್ವರ ಇಲ್ಲ ತಾನೇ ಎಂದು ಕೇಳಿ ಫೋನಿಟ್ಟರು. ಸ್ಟೇಷನ್ ಮಾಸ್ತರನ್ನು ಪಕ್ಕಕ್ಕೆ ಕರೆದು, ವಿದ್ಯುತ್ ಕಚೇರಿಯಲ್ಲಿ ಗುರುತಿನವರಿದ್ದರೆ ಸಂಜೆ ಒಂದು ಗಂಟೆ ಕರೆಂಟು ತೆಗೆಸಬಹುದೇ ಎಂದು ಕೇಳಿದರು. ಅವರು, ನನ್ನ ಸರ್ವೀಸಿನಲ್ಲಿ ಹೊರಟ ಗಾಡಿಯನ್ನು ನಿಲ್ಲಿಸಿದವನಲ್ಲ ಎಂದು ಎದೆಯುಬ್ಬಿಸಿ ಹೇಳಿದರು. ಹೂವಿನ ಕುಂಡಕ್ಕೆ ನೀರು ಹಾಕುವ ನೆಪದಲ್ಲಿ ಗಿಟಾರಿನ ಮೇಲೆ ಕೈತಪ್ಪಿ ನೀರು ಬೀಳಿಸಲು ಹೋದರೆ, ಅತ್ತೆ ತಮ್ಮ ಬಾಗಿಲಿಗೆ ಅಡ್ಡ ಬಂದು ತಾವೇ ನೆನೆದರು. ಕೊನೆಗೆ ಸಾಹೇಬರು ಮಗಳ ಕೋಣೆಯ ಬಾಗಿಲಲ್ಲಿ ನಿಂತು, ದೊಡ್ಡಪ್ಪನ ಮನೆಯದನ್ನೇ ತರಿಸಲಾ ಎಂದು ಕೇಳಿದರು.

"ಯಾಕಪ್ಪಾ? ನೀವು ಮಾಡಿದ್ದೇ ಇದೆಯಲ್ಲ," ಎಂದಳು ಅವಳು, ಅವರ ಕಡೆ ನೋಡದೆ.

ಕಾಲೇಜಿನ ಸಭಾಂಗಣ ಕಿಕ್ಕಿರಿದಿತ್ತು. ಮುಂದಿನ ಸಾಲಿನಲ್ಲಿ ಪತ್ರಿಕೆಯವರು, ಎರಡನೆಯ ಸಾಲಿನಲ್ಲಿ ಷಡ್ಡಕರ ಕುಟುಂಬ, ಹಿಂದೆ ಸ್ಟೇಷನ್ ಮಾಸ್ತರು ಕರೆತಂದ ಇಡೀ ಬೀದಿ. ವಾದ್ಯದಂಗಡಿಯವರು ಕಂಬದ ಪಕ್ಕ ಒಬ್ಬರೇ ನಿಂತಿದ್ದರು. ವೇದಿಕೆಯ ಎಡಗಡೆ ಅವರ ಗಿಟಾರುಗಳು, ಕುತ್ತಿಗೆಗೆ ಮುದ್ರೆ ಹಾಕಿಸಿಕೊಂಡು, ಪೊಲೀಸ್ ಠಾಣೆಯ ಬೆಂಚಿನ ಮೇಲೆ ಕೂರಿಸಿದವರ ಹಾಗೆ ಒರಗಿ ಕೂತಿದ್ದವು. ಮೇಲಧಿಕಾರಿಗಳು ಬಹಳ ಹೊತ್ತು ಮಾತಾಡಿದರು. ಮನುಷ್ಯ ಕೇಳುವ ಹಾಡಿನಲ್ಲೂ ಗೋಲ್‌ಮಾಲು ನಡೆಯುತ್ತಿರುವಾಗ ಇಲಾಖೆ ಕಣ್ಣುಮುಚ್ಚಿ ಕೂರುವುದಿಲ್ಲ ಎಂದರು. ಕಂಬದ ಕಡೆ ಬೆರಳು ತೋರಿಸಿ, ಇಂಥವರನ್ನು ಬಿಡಬಾರದು ಎಂದರು. ಸಭೆ ತಿರುಗಿ ನೋಡಿತು. ವಾದ್ಯದಂಗಡಿಯವರು ಅಭ್ಯಾಸಬಲದಿಂದ ನಕ್ಕರು. ಮುಖ್ಯ ಅತಿಥಿಗಳ ಪಕ್ಕದ ಕುರ್ಚಿಯಲ್ಲಿದ್ದ ಸಾಹೇಬರು ತಮ್ಮ ಬೂಟಿನ ಲಾಡಿ ನೋಡುತ್ತಾ ಕೂತರು.

ಮಗಳು ಬಂದಳು. ತಂಡ ಶುರು ಮಾಡಿತು. ಅವಳ ಸರದಿ ಬಂತು.

ಸಾಹೇಬರಿಗೆ ಏನೂ ಕೇಳಿಸಲಿಲ್ಲ, ಅಂದರೆ ಎಂದಿನಂತೆ ಎಲ್ಲ ಒಂದೇ ಥರ ಕೇಳಿಸಿತು. ಆದ್ದರಿಂದ ಅವರು ಮುಖಗಳನ್ನು ನೋಡಿದರು. ಡ್ರಮ್ಮಿನವನು ತಲೆ ಎತ್ತಿದ. ಹಾಡುವ ಹುಡುಗಿ ಸ್ವರ ಹುಡುಕಿಕೊಂಡು ಮೇಲೆ ಕೆಳಗೆ ಓಡಾಡಿದಳು. ಮೂರನೆಯ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆ ನಗು ಸಾಲಿನಿಂದ ಸಾಲಿಗೆ ಹಬ್ಬಿತು. ಷಡ್ಡಕರು ಕರವಸ್ತ್ರ ತೆಗೆದು ಬಾಯಿಗಿಟ್ಟುಕೊಂಡರು. ಮೇಲಧಿಕಾರಿಗಳು ಮಾತ್ರ ತಾಳ ಹಾಕುತ್ತಾ, ಹೇಗಿದೆ ನೋಡಿ ಎಂದು ಪ್ರಿನ್ಸಿಪಾಲರ ಕಿವಿ ಕಚ್ಚಿದರು. ಮಗಳ ಕಿವಿ ಕೆಂಪಾಗಿತ್ತು. ಅವಳಿಗೆ ಎಲ್ಲ ಕೇಳಿಸುತ್ತಿತ್ತು, ಎಲ್ಲರಿಗಿಂತ ಹೆಚ್ಚಾಗಿ ಅವಳಿಗೇ ಕೇಳಿಸುತ್ತಿತ್ತು. ಆದರೂ ನಿಲ್ಲಿಸಲಿಲ್ಲ. ಒಮ್ಮೆ ಅಪ್ಪನ ಕಡೆ ತಿರುಗಿ, ಏನೂ ಆಗಿಲ್ಲವೆಂಬಂತೆ ಮುಗುಳ್ನಕ್ಕಳು.

ಅಪ್ಪನ ಅವಮಾನವನ್ನು ಅವಳು ತಲೆಯ ಮೇಲೆ ಹೊತ್ತು ನಿಂತಿದ್ದಳು. ಸಾಹೇಬರಿಗೆ ಅದನ್ನು ಕೂತು ನೋಡಲಾಗಲಿಲ್ಲ. ಎದ್ದರು. ಕಾಲಿಗೆ ಕುರ್ಚಿ ತೊಡರಿ ಉರುಳಿತು. ಹೋಗಿ ಗಿಟಾರಿನ ವೈರು ಕಿತ್ತರು. ಮೈಕಿನ ಮುಂದೆ ಹೋಗಿ ನಿಂತರು. ಜೀವನದಲ್ಲಿ ಬೇರೆಯವರಿಗೆ ಎಷ್ಟೋ ಸಲ ಹೇಳಿದ್ದ ಮಾತೇ ಬಾಯಿಗೆ ಬಂತು.

"ಅಳತೆ ತಪ್ಪಿದೆ," ಎಂದರು. ಕಂಬದ ಕಡೆ ತಿರುಗಿದರು. "ಅವರದ್ದಲ್ಲ. ನನ್ನದು."

ಮೇಲಧಿಕಾರಿಗಳ ತಾಳ ಅರ್ಧಕ್ಕೆ ನಿಂತಿತು. ಸಾಹೇಬರು ಎಡಗಡೆಗೆ ಹೋಗಿ ಒಂದು ಎಲೆಕ್ಟ್ರಿಕ್ ಗಿಟಾರು ಎತ್ತಿಕೊಂಡು, ಅದರ ಕುತ್ತಿಗೆಯ ಮುದ್ರೆಗೆ ಕೈ ಹಾಕಿದರು. ಅದು ಸರ್ಕಾರಿ ಮುದ್ರೆ ಕಣ್ರೀ ಎಂದು ಹಿಂದಿನಿಂದ ಕೂಗು ಬಂತು. ಗೊತ್ತು, ಒತ್ತಿದ್ದು ನಾನೇ ಎಂದರು ಸಾಹೇಬರು. ದಾರ ಕೈಯಲ್ಲಿ ಹರಿಯಲಿಲ್ಲ. ಹಲ್ಲಿನಿಂದ ಕಚ್ಚಿ ಎಳೆದರು. ಇಲಾಖೆಯ ಇನ್ಸ್‌ಪೆಕ್ಟರು ಇಲಾಖೆಯ ಮುದ್ರೆಯನ್ನು ಸಭೆಯ ಮುಂದೆ ಕಚ್ಚುತ್ತಿರುವ ಚಿತ್ರ ಮರುದಿನ ಪತ್ರಿಕೆಯಲ್ಲಿ ಮೂರು ಕಾಲಂ ಅಗಲ ಬಂತು. ಕೊನೆಗೂ ಇಲಾಖೆಗೆ ಪ್ರಚಾರ ಸಿಕ್ಕಿತು.

ಮಗಳು ಆ ಗಿಟಾರಿನಲ್ಲಿ ಮೊದಲಿನಿಂದ ನುಡಿಸಿದಳು. ಜನ ಎದ್ದು ಕೈತಟ್ಟಿದರು. ಸಾಹೇಬರು ತಾವು ಮಾಡಿದ್ದನ್ನು ಎದೆಗವಚಿಕೊಂಡು ಪರದೆಯ ಹಿಂದೆ ನಿಂತಿದ್ದರು. ಅಲ್ಲಿಗೆ ಬಂದ ಷಡ್ಡಕರು, ಬೀರುವಿಗೆ ಬೇಕಾದರೆ ನಮ್ಮಲ್ಲಿ ಹಳೆಯ ಬಾಗಿಲು ಒಂದಿದೆ ಎಂದು ಸಮಾಧಾನ ಹೇಳಿದರು. ಮೇಲಧಿಕಾರಿಗಳು ಪತ್ರಿಕೆಯವರಿಗೆ, ನನಗೆ ಆರಂಭದಿಂದಲೂ ಅನುಮಾನವಿತ್ತು ಎನ್ನುತ್ತಿದ್ದುದು ಕೇಳಿಸುತ್ತಿತ್ತು.

ಮರುದಿನ ಗಿಟಾರುಗಳನ್ನು ಹಿಂತಿರುಗಿಸಬೇಕಾಯಿತು. ತರುವಾಗ ವ್ಯಾನು ಕೊಟ್ಟ ಇಲಾಖೆ ಕೊಡುವಾಗ ಕೊಡಲಿಲ್ಲ. ಸಾಹೇಬರು ತಳ್ಳುಗಾಡಿ ಹಿಡಿದು ಮಾರ್ಕೆಟ್ಟಿನ ನಡುವೆ ಹೊರಟರು. ಬೇಡವೆಂದರೂ ಮಗಳು ಜೊತೆಗೆ ಬಂದು ಒಂದು ಕಡೆಯಿಂದ ತಳ್ಳಿದಳು. ದಾರಿಯುದ್ದಕ್ಕೂ ಯಾರೂ ಅವರನ್ನು ಬೈಯಲಿಲ್ಲ, ಅದೇ ಕಷ್ಟವಾಯಿತು. ಕಿರಾಣಿಯವನು ಅಂಗಡಿಯಿಂದ ಇಳಿದು ಬಂದು, ಸಾರ್, ನನ್ನ ತಕ್ಕಡಿ ಹೋದ ವರ್ಷ ತಗೊಂಡು ಹೋಗಿದ್ರಲ್ಲ, ಅದನ್ನೂ ಹಾಡಿಸಿ ನೋಡಿದ್ರಾ ಎಂದು ವಿನಯದಿಂದ ವಿಚಾರಿಸಿದ. ಬಟ್ಟೆಯವನು ಮೀಟರು ಕೋಲು ಹಿಡಿದುಕೊಂಡು, ಇದೂ ಮೇಲಕ್ಕೆ ಹೋದ ಹಾಗೆ ಕಿರಿದಾಗಬಹುದಲ್ಲವೇ ಎಂದು ಕೇಳಿದ. ಸಾಹೇಬರು ಎಲ್ಲರಿಗೂ ತಲೆಯಾಡಿಸಿ ಗಾಡಿ ತಳ್ಳಿದರು.

ವಾದ್ಯದಂಗಡಿಯವರು ಅವರನ್ನು ಒಳಗೆ ಕರೆಯಲಿಲ್ಲ. ಒಂದೊಂದೇ ಗಿಟಾರು ತೆಗೆದುಕೊಂಡು, ಟೇಪು ಹಿಡಿದು, ತಲೆಯಿಂದ ಬುಡದವರೆಗೆ ಅಳೆದು ಒಳಗಿಟ್ಟರು. ನಿಮ್ಮ ಕಚೇರೀಲಿ ಇದ್ದು ಬಂದಿದೆಯಲ್ಲ ಸಾರ್, ಸವೆದಿರಬಹುದು ಎಂದರು. ಸಾಹೇಬರು ಬಾಗಿಲ ಹೊರಗೆ ಬಿಸಿಲಿನಲ್ಲಿ ಕೈ ಕಟ್ಟಿ ನಿಂತು, ಕೊನೆಯದನ್ನು ಅಳೆದು ಮುಗಿಸುವ ತನಕ ಕಾದರು. ತಪ್ಪಾಯಿತು ಎಂದು ಹೇಳಲು ಮೂರು ಸಲ ಬಾಯಿ ತೆರೆದು, ನಾಲ್ಕನೆಯ ಸಲ ಹೇಳಿದರು. ಅಂಗಡಿಯವರು ನಗಲಿಲ್ಲ. ನಾಳೆಯಿಂದ ಮಗಳನ್ನು ಪಾಠಕ್ಕೆ ಕಳಿಸಿ ಎಂದಷ್ಟೇ ಹೇಳಿದರು.

ಖಾಲಿ ಗಾಡಿ ತಳ್ಳಿಕೊಂಡು ಇಬ್ಬರೂ ವಾಪಸು ಹೊರಟರು. ಮಾರ್ಕೆಟ್ಟು ದಾಟಿದ ಮೇಲೆ ತಿರುವಿನಲ್ಲಿ ಸಾಹೇಬರು ಗಾಡಿ ನಿಲ್ಲಿಸಿದರು.

"ನಿನ್ನೆ ಬೆಳಿಗ್ಗೆ ಚೆನ್ನಾಗಿದೆ ಅಂದೆಯಲ್ಲ," ಎಂದರು. "ಈಗ ಹೇಳು. ಹೇಗಿತ್ತು?"

ಮಗಳು ಅವರನ್ನು ನೋಡಿದಳು. ಹೇಳಲೋ ಬೇಡವೋ ಎಂದು ಅವಳ ತುಟಿ ಒಂದು ಸಲ ಅಲುಗಿತು.

"ದರಿದ್ರವಾಗಿತ್ತು ಅಪ್ಪಾ," ಎಂದಳು. "ನನ್ನ ಜನ್ಮದಲ್ಲಿ ಅಷ್ಟು ಕೆಟ್ಟದಾಗಿ ನಾನು ಯಾವತ್ತೂ ನುಡಿಸಿರಲಿಲ್ಲ." ಹೇಳುತ್ತಲೇ ಅವಳಿಗೆ ನಗು ಬಂತು. ತಡೆಯಲು ನೋಡಿ ಆಗದೆ, ಗಾಡಿಯ ಅಂಚು ಹಿಡಿದು ಬಗ್ಗಿಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.

ಸಾಹೇಬರು ಆ ಮಾತನ್ನು ನಿಂತು ಪೂರ್ತಿ ಕೇಳಿಸಿಕೊಂಡರು. ನಾಚಿಕೆಯಿಂದ ಅವರ ಮುಖ ಇನ್ನೂ ಸುಡುತ್ತಿತ್ತು. ಆದರೆ ಹೇಳಿದ ನಿಜದಲ್ಲಿ ಅವಳು ಒಂದು ಗುಂಜಿ ತೂಕವನ್ನೂ ಕಡಿಮೆ ಮಾಡಿರಲಿಲ್ಲ. ಅವರು ಸರಿ ಎಂದು ತಲೆಯಾಡಿಸಿ, ಗಾಡಿಯ ಹಿಡಿಯಲ್ಲಿ ಅವಳಿಗೆ ಸ್ವಲ್ಪ ಜಾಗ ಬಿಟ್ಟು, ಮನೆಯ ಕಡೆ ತಳ್ಳಿದರು.